ಸಿದ್ಧತೆಯೂ ಸೇವೆಯೇ: ಲೂರ್ದು ಮಾತೆಯ ಹಬ್ಬದ ಚಿಂತನೆ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1858ರಲ್ಲಿ ಇದೇ ದಿನ, ಫ್ರಾನ್ಸ್ ದೇಶದ ಲೂರ್ದಿನಲ್ಲಿ ಸೌದೆ ಆರಿಸಲು ಹೋಗಿದ್ದ ಬರ್ನದೆತ್ ಎಂಬ ಹದಿನಾಲ್ಕು ವರ್ಷದ ಬಡ ಹುಡುಗಿಗೆ ಮಾತೆ ಮರಿಯಮ್ಮನವರು ದರ್ಶನವಿತ್ತರು. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಈ ಹಬ್ಬದ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಸಾರಿದರು. 1993ರಿಂದ ಪ್ರಪಂಚದಾದ್ಯಂತ ಅದು ಆಚರಣೆಯಲ್ಲಿದೆ. ನಮ್ಮ ದೇವಾಲಯಗಳಲ್ಲಿಯೂ ಅಂದು ರೋಗಿಗಳಿಗಾಗಿ ಪೂಜೆ, ಅಭ್ಯಂಗ ಸಂಸ್ಕಾರ, ಗವಿಯ ಮುಂದೆ ಜಪಸರ ಎಲ್ಲವೂ ನಡೆಯುತ್ತವೆ. ಆದರೆ ಇದೇ ಫೆಬ್ರವರಿ 11ರಂದು, 1936ರಲ್ಲಿ, ರೋಮಿನಿಂದ ಒಂದು ಆದೇಶ ಹೊರಟಿತು. ಅದನ್ನು ನೆನೆಯುವವರು ನಮ್ಮಲ್ಲಿ ಕಡಿಮೆ. ಈ ಹಬ್ಬಕ್ಕೆ ಅದರ ಕಥೆಯನ್ನು ಓದುಗರ ಮುಂದಿಡಬೇಕೆನ್ನಿಸಲು ನಮ್ಮ ಧರ್ಮಕೇಂದ್ರದಲ್ಲೇ ನಡೆದ ಒಂದು ಸಣ್ಣ ಸಂಗತಿ ಕಾರಣವಾಯಿತು.

ಒಂದು ಭಾನುವಾರ ಪೂಜೆಯ ನಂತರ, ನರ್ಸಿಂಗ್ ಓದುತ್ತಿರುವ ಹುಡುಗಿಯೊಬ್ಬಳು ತಾಯಿಯೊಂದಿಗೆ ಗುರುಮನೆಗೆ ಬಂದಳು. ರಜೆಯಲ್ಲಿ ಸ್ವಯಂಸೇವಕರ ವೈದ್ಯಕೀಯ ತಂಡವೊಂದರ ಜೊತೆ ಪೂರ್ವ ಆಫ್ರಿಕಾಕ್ಕೆ ಹೊರಟಿದ್ದಾಳೆ; ಆಶೀರ್ವಾದ ಬೇಕು, ಧರ್ಮಕೇಂದ್ರದಿಂದ ಒಂದು ಪತ್ರವೂ ಬೇಕು. ಸಂತೋಷದ ಸುದ್ದಿಯೇ. ಆದರೆ ಹುಡುಗಿಯ ಮುಖ ಬಾಡಿತ್ತು.

"ಫಾದರ್, ನಾವಿನ್ನೂ ವಿದ್ಯಾರ್ಥಿಗಳಂತೆ. ಬಿಪಿ ನೋಡೋದು, ಮಕ್ಕಳ ತೂಕ ಬರೆಯೋದು, ಕೈ ತೊಳೆಯೋದು ಹೇಳ್ಕೊಡೋದು, ಇಷ್ಟೇ ಅಂತೆ ನಮ್ಮ ಕೆಲಸ. ಹೆರಿಗೆ ವಾರ್ಡಿಗೆ ಹೋದ್ರೂ ದೂರ ನಿಂತು ನೋಡ್ಬೇಕಂತೆ. ಇಷ್ಟಕ್ಕೆ ಸಮುದ್ರ ದಾಟಿ ಹೋಗ್ಬೇಕಾ? ಸೇವೆ ಮಾಡೋ ಮನಸ್ಸಿದ್ರೆ ಸಾಲ್ದಾ ಫಾದರ್?"

ತಾಯಿ ನಡುವೆ ಬಾಯಿ ಹಾಕಿದರು: "ಇವಳಿಗೆ ಎಲ್ಲದಕ್ಕೂ ಅವಸರ ಸ್ವಾಮಿ. ಅಲ್ಲಿಗೆ ಹೋಗೋಕೆ ಮುಂಚೆ ಹಳದಿ ಜ್ವರದ ಲಸಿಕೆ ಹಾಕಿಸ್ಕೋಬೇಕಂತೆ. ಅದನ್ನೇ ಇನ್ನೂ ಹಾಕಿಸಿಲ್ಲ."

"ಪ್ರಾರ್ಥನೆ ಮಾಡಮ್ಮಾ, ಎಲ್ಲಾ ದೇವರ ಚಿತ್ತ" ಎಂದು ತಲೆಯ ಮೇಲೆ ಕೈಯಿಟ್ಟು ಕಳುಹಿಸಿದೆವು. ಉತ್ತರ ಸುಳ್ಳಲ್ಲ, ಆದರೆ ಸಾಲದು ಎಂದು ಅವರು ಗೇಟು ದಾಟುವ ಮೊದಲೇ ನಮಗೆ ತಿಳಿದಿತ್ತು. ಮನಸ್ಸಿದ್ದರೆ ಸಾಲದೇ? ಈ ಪ್ರಶ್ನೆ ಆ ಹುಡುಗಿಯೊಬ್ಬಳದಲ್ಲ. ನೂರೈವತ್ತು ವರ್ಷಕ್ಕೂ ಹಿಂದಿನಿಂದ ಅನೇಕರನ್ನು ಕಾಡಿದ ಪ್ರಶ್ನೆ ಇದು. ಅಂದು ಅವಳಿಗೆ ಕೊಡಲಾಗದ ಉತ್ತರವನ್ನು ಚರಿತ್ರೆಯಲ್ಲಿ ಹುಡುಕೋಣ.

ಸ್ಕುಟಾರಿಯ ಪಾಠ

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳು ತುರ್ಕಿಯ ಸ್ಕುಟಾರಿಯ ಆಸ್ಪತ್ರೆಗಳಲ್ಲಿ ಆರೈಕೆಯಿಲ್ಲದೆ ಸಾಯುತ್ತಿರುವ ಸುದ್ದಿ ಇಂಗ್ಲೆಂಡಿಗೆ ಮುಟ್ಟಿತು. ಆ ವರ್ಷದ ಅಕ್ಟೋಬರಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ದಾದಿಯರೊಂದಿಗೆ ಹೊರಟರು. ಅವರಲ್ಲಿ 10 ಮಂದಿ ನಮ್ಮ ಕಥೋಲಿಕ ಧರ್ಮಭಗಿನಿಯರು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಲಂಡನ್ನಿನ ಬರ್ಮಂಡ್ಸೆ ಕಾನ್ವೆಂಟಿನ ಮದರ್ ಕ್ಲೇರ್ ಮೂರ್ ಮುಂದೆ ನೈಟಿಂಗೇಲರ ಆಪ್ತ ಸ್ನೇಹಿತೆಯಾದರು.

ನೈಟಿಂಗೇಲ್ ಕರುಣೆಯ ಆವೇಶದಲ್ಲಿ ಎದ್ದು ಹೊರಟವರಲ್ಲ. ಮೂರು ವರ್ಷ ಮೊದಲೇ, 1851ರಲ್ಲಿ, ಮನೆಯವರ ವಿರೋಧ ಕಟ್ಟಿಕೊಂಡು ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ವಿದ್ಯಾರ್ಥಿನಿಯಾಗಿ ಆರೈಕೆಯ ಕೆಲಸ ಕಲಿತಿದ್ದರು. ಶ್ರೀಮಂತರ ಮಗಳು ಅಲ್ಲಿ ರೋಗಿಗಳ ಗಾಯ ತೊಳೆದು ಕಟ್ಟಿದಳು. ಆ ಕಲಿಕೆ ಸ್ಕುಟಾರಿಯಲ್ಲಿ ಕೈಹಿಡಿಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ದೊಡ್ಡ ತಂಡ ಬಂದಿಳಿಯಿತು. ಐರ್ಲೆಂಡಿನ ಮದರ್ ಫ್ರಾನ್ಸಿಸ್ ಬ್ರಿಜ್‌ಮನ್ ಮತ್ತು ಅವರ ಧರ್ಮಭಗಿನಿಯರೂ ಅದರಲ್ಲಿದ್ದರು. ಆರೈಕೆಯಲ್ಲಿ ಪಳಗಿದವರು ಅವರು. ಆದರೆ ಇಷ್ಟು ಮಂದಿಯನ್ನು ಕಳುಹಿಸುವಾಗ ನೈಟಿಂಗೇಲರನ್ನು ಯಾರೂ ಕೇಳಿರಲಿಲ್ಲ. ಉಳಿದುಕೊಳ್ಳಲು ಜಾಗವಿಲ್ಲ, ಯಾರ ಮಾತು ಯಾರು ಕೇಳಬೇಕೆಂಬ ನಿಯಮವಿಲ್ಲ. ದೊಡ್ಡ ಜಗಳವೇ ಆಯಿತು. ಕೊನೆಗೆ ಆ ಧರ್ಮಭಗಿನಿಯರು ಬೇರೆ ಆಸ್ಪತ್ರೆಗಳಿಗೆ ಹೋಗಿ ಅಮೋಘ ಸೇವೆ ಸಲ್ಲಿಸಿದರೆನ್ನಿ. ಆದರೂ ಸಾಯುವವರ ಹಾಸಿಗೆಯ ಪಕ್ಕದಲ್ಲಿ ಒಳ್ಳೆಯವರು ಒಳ್ಳೆಯವರೊಂದಿಗೆ ವಾದಿಸುತ್ತಾ ನಿಲ್ಲಬೇಕಾಯಿತು. ಮನಸ್ಸು ಯಾರಲ್ಲಿಯೂ ಕಡಿಮೆ ಇರಲಿಲ್ಲ. ಕಡಿಮೆಯಾದದ್ದು ಮುಂಚಿತವಾದ ಏರ್ಪಾಡು.

ಎಪ್ಪತ್ತೆರಡರ ವೃದ್ಧೆ, ಇಪ್ಪತ್ತರ ಯುವತಿ

ಈಗ ನಮ್ಮ ದೇಶದ ಕಡೆ ಬರೋಣ. ಆ ಕಾಲದ ಉತ್ತರ ಭಾರತದಲ್ಲಿ ಪರ್ದಾ ಪದ್ಧತಿಯ ಮನೆಗಳ ಹೆಂಗಸರು ಗಂಡು ವೈದ್ಯರಿಗೆ ಮುಖ ತೋರಿಸುವಂತಿರಲಿಲ್ಲ. ಹೆರಿಗೆ ಕಷ್ಟವಾದರೆ ಆಸ್ಪತ್ರೆ ಹತ್ತಿರವಿದ್ದರೂ ದೂರವೇ. ತಾಯಿ ಮಗು ಇಬ್ಬರೂ ಮನೆಯೊಳಗೇ ಕಣ್ಣು ಮುಚ್ಚುತ್ತಿದ್ದರು. ಬೇಕಾಗಿದ್ದುದು ಮಹಿಳಾ ವೈದ್ಯರು.

ಈ ಕೂಗು ಕೇಳಿಸಿಕೊಂಡವರಲ್ಲಿ ಒಬ್ಬರು ಡಾ. ಆಗ್ನೆಸ್ ಮೆಕ್ಲಾರೆನ್. 1837ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳಿಗೆ ತಮ್ಮೂರಿನ ವಿಶ್ವವಿದ್ಯಾಲಯ ವೈದ್ಯಪದವಿ ಕೊಡದ ಕಾಲದಲ್ಲಿ ಫ್ರಾನ್ಸಿನ ಮೋಂಪೆಲಿಯೆಗೆ ಹೋಗಿ 1878ರಲ್ಲಿ ವೈದ್ಯರಾದರು. ಅರವತ್ತು ದಾಟಿದ ಮೇಲೆ ಕಥೋಲಿಕ ಧರ್ಮಸಭೆಗೆ ಸೇರಿದರು. 72ರ ವಯಸ್ಸಿನಲ್ಲಿ, ಇತರರು ಊರುಗೋಲು ಹುಡುಕುವ ಹೊತ್ತಿನಲ್ಲಿ, ಹಡಗು ಹತ್ತಿ ಭಾರತಕ್ಕೆ ಬಂದರು. ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಸಂತ ಕ್ಯಾಥರೀನರ ಹೆಸರಿನ ಆಸ್ಪತ್ರೆ ನಿಲ್ಲುವಂತೆ ಮಾಡಿದರು. ಆದರೆ ಅದನ್ನು ನಡೆಸಲು ವೈದ್ಯೆಯರು ಎಲ್ಲಿ? ಯೂರೋಪಿನಲ್ಲಿ ಹುಡುಕುತ್ತಲೇ ಇದ್ದರು.

ಆಸ್ಟ್ರಿಯಾದ ಬೆಟ್ಟದ ಸೀಮೆಯ ಸ್ಟೀಗ್ ಎಂಬ ಊರಿನ ಅನ್ನಾ ಡೆಂಗೆಲ್ ಎಂಬ ಯುವತಿಯ ಕಿವಿಗೆ ಈ ಸುದ್ದಿ ಬಿತ್ತು. 1892ರಲ್ಲಿ ಹುಟ್ಟಿದ ಆಕೆ ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವರು. ತಾಯಿಯಿಲ್ಲದ ಮನೆ ಹೇಗಿರುತ್ತದೆಂದು ಆಕೆಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮೆಕ್ಲಾರೆನರಿಗೆ ಪತ್ರ ಬರೆದರು. ಬಂದ ಉತ್ತರ "ತಕ್ಷಣ ಹೊರಟು ಬಾ" ಎಂದಲ್ಲ, "ಮೊದಲು ವೈದ್ಯಶಾಸ್ತ್ರ ಓದು" ಎಂಬರ್ಥದ್ದು. ಅದೂ ಎಲ್ಲಿಯೋ ಅಲ್ಲ. ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ ಮಾನ್ಯವಾಗುವ ಪದವಿ ಬೇಕಾದ್ದರಿಂದ ಐರ್ಲೆಂಡಿನ ಕಾರ್ಕ್ ನಗರಕ್ಕೆ ಹೋಗಬೇಕು, ಇಂಗ್ಲಿಷಿನಲ್ಲಿ ಓದಬೇಕು.

1913ರ ಏಪ್ರಿಲ್ 17ರಂದು ಮೆಕ್ಲಾರೆನ್ ತೀರಿಕೊಂಡರು. ಆ ವರ್ಷವೇ ಅನ್ನಾ ಕಾರ್ಕಿನಲ್ಲಿ ಓದು ಆರಂಭಿಸಿದರು. ತನ್ನನ್ನು ಕರೆದವರ ಮುಖವನ್ನು ಆಕೆ ಒಮ್ಮೆಯೂ ನೋಡಲಿಲ್ಲ. ಮರುವರ್ಷ ಮೊದಲ ಮಹಾಯುದ್ಧ ಹೊತ್ತಿಕೊಂಡಿತು. ಆಸ್ಟ್ರಿಯಾದವಳಾದ ಆಕೆ ತಾನು ಓದುತ್ತಿದ್ದ ನಾಡಿನ ಲೆಕ್ಕದಲ್ಲಿ ಶತ್ರುದೇಶದವಳು. ಓದು ಬಿಡಲಿಲ್ಲ. 1919ರಲ್ಲಿ ಪದವಿ ಬಂತು. ಭಾರತಕ್ಕೆ ಬರಲು ಅನುಮತಿ ಸಿಗುವವರೆಗೆ ಇಂಗ್ಲೆಂಡಿನ ಒಂದು ಊರಿನಲ್ಲಿ ಒಂಬತ್ತು ತಿಂಗಳು ವೈದ್ಯೆಯಾಗಿ ದುಡಿದರು. 1920ರ ಕೊನೆಯಲ್ಲಿ ರಾವಲ್ಪಿಂಡಿ ಮುಟ್ಟಿದರು.

ಲೆಕ್ಕ ಹಾಕಿ ನೋಡಿ. ಸೇವೆಗೆ ಹೊರಟೆ ಎಂದು ಮನಸ್ಸು ಮಾಡಿದ ಮೇಲೆ ಏಳು ವರ್ಷ! ಆ ಏಳು ವರ್ಷಗಳಲ್ಲಿ ರಾವಲ್ಪಿಂಡಿಯ ಒಬ್ಬ ರೋಗಿಯನ್ನೂ ಆಕೆ ಮುಟ್ಟಲಿಲ್ಲ. ಆ ವರ್ಷಗಳು ವ್ಯರ್ಥವೇ? ಶವದ ಕೊಠಡಿಯಲ್ಲಿ ಕತ್ತರಿ ಹಿಡಿದು ನಿಂತದ್ದೂ ಪರೀಕ್ಷೆಗೆ ರಾತ್ರಿಯೆಲ್ಲಾ ಓದಿದ್ದೂ ಇನ್ನೂ ಹೆಸರು ತಿಳಿಯದ ತಾಯಂದಿರಿಗಾಗಿಯೇ ಅಲ್ಲವೇ? ಯೇಸುಸ್ವಾಮಿ ಮೂರು ವರ್ಷದ ಬಹಿರಂಗ ಸೇವೆಗೆ ಮುನ್ನ ನಜರೇತಿನಲ್ಲಿ ಸುಮಾರು ಮೂವತ್ತು ವರ್ಷ ಕಳೆದರು. ಅದು ಕಾಲಹರಣವೆಂದು ಯಾರೂ ಹೇಳುವುದಿಲ್ಲ.

ಮುಚ್ಚಿದ ಬಾಗಿಲು

ಇಲ್ಲಿಯವರೆಗಿನ ಕಥೆ ಕೇಳಿ, "ಕಾಯುವುದೇ ಒಳ್ಳೆಯದು" ಎಂದು ಮುಗಿಸಿಬಿಟ್ಟರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ. ಉಳಿದರ್ಧ ನಮಗೆ, ವಿಶೇಷವಾಗಿ ಗುರುಗಳಾದ ನಮಗೆ, ಅಷ್ಟು ಹಿತವಲ್ಲ.

ಧರ್ಮಭಗಿನಿಯರು ರೋಗಿಗಳ ಆರೈಕೆ ಮಾಡುವುದಕ್ಕೆ ಎಂದೂ ಅಡ್ಡಿಯಿರಲಿಲ್ಲ. ಬರ್ನದೆತ್ ಕೂಡ ನೆವೇರ್ ಕಾನ್ವೆಂಟಿಗೆ ಸೇರಿದ ಮೇಲೆ ರೋಗಿಗಳ ಕೋಣೆಯಲ್ಲಿ ದುಡಿದವರೇ. ನಮ್ಮ ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಭಗಿನಿಯರು 1886ರಲ್ಲೇ ಸಂತ ಮಾರ್ತಾ ಆಸ್ಪತ್ರೆ ತೆರೆದಿದ್ದರು. ಆದರೆ ವ್ರತ ಸ್ವೀಕರಿಸಿದವರು ವೈದ್ಯರಾಗುವುದಕ್ಕೆ, ಶಸ್ತ್ರಚಿಕಿತ್ಸೆ ಮಾಡುವುದಕ್ಕೆ, ಹೆರಿಗೆ ಮಾಡಿಸುವುದಕ್ಕೆ ಮಾತ್ರ ತಡೆಯಿತ್ತು. ಇದರ ಬೇರು ಬಹಳ ಹಳೆಯದು. 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆಯೇ ಉನ್ನತ ದೀಕ್ಷೆ ಪಡೆದ ಯಾಜಕರು ಕೊಯ್ಯುವ, ಸುಡುವ ಚಿಕಿತ್ಸೆಗೆ ಕೈ ಹಾಕಬಾರದೆಂದಿತ್ತು. 1917ರ ಧರ್ಮಸಭೆಯ ಕಾನೂನು ಸಂಹಿತೆ ಯಾಜಕರ ಮೇಲಿನ ವೈದ್ಯವೃತ್ತಿಯ ನಿಷೇಧವನ್ನು ವ್ರತಧಾರಿಗಳಿಗೂ ಅನ್ವಯಿಸಿತು. ವ್ರತದ ಶುದ್ಧತೆಯನ್ನು ಕಾಪಾಡುವುದು, ಸನ್ಯಾಸ ಜೀವನ ದುಡ್ಡಿನ ವೃತ್ತಿಯಾಗದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ಉದ್ದೇಶ ಕೆಟ್ಟದ್ದಲ್ಲ. ಆದರೆ ಪರದೆಯ ಹಿಂದೆ ಹೆರಿಗೆ ನೋವಿನಿಂದ ನರಳುತ್ತಿದ್ದ ಹೆಣ್ಣುಮಗಳಿಗೆ ಆ ಕಾನೂನಿನಿಂದ ಏನು ಸಿಕ್ಕಿತು? ಸೇವೆಗೆ ಬದುಕನ್ನೇ ಮುಡಿಪಿಟ್ಟ ಭಗಿನಿಯರು ಬಾಗಿಲಾಚೆ ನಿಲ್ಲಬೇಕಾಯಿತು. ವೃದ್ಧೆ ಮೆಕ್ಲಾರೆನ್ ಈ ನಿಯಮ ಬದಲಿಸಿರೆಂದು ಮತ್ತೆ ಮತ್ತೆ ರೋಮಿಗೆ ಹೋಗಿ ಬೇಡಿಕೊಂಡರು. ಬದಲಾವಣೆ ಕಾಣದೆಯೇ ತೀರಿಕೊಂಡರು.

ಅನ್ನಾ ರಾವಲ್ಪಿಂಡಿಯಲ್ಲಿ ನಾಲ್ಕು ವರ್ಷ ಹಗಲಿರುಳು ದುಡಿದರು. ಒಬ್ಬಿಬ್ಬರು ಬಂದು ಹೋಗುವುದರಿಂದ ಈ ಕೆಲಸ ಉಳಿಯುವುದಿಲ್ಲ, ವ್ರತವೂ ವೈದ್ಯವಿದ್ಯೆಯೂ ಒಟ್ಟಿಗಿರುವ ಒಂದು ಬಳಗವೇ ಬೇಕು ಎಂದು ಅವರಿಗೆ ಮನದಟ್ಟಾಯಿತು. 1925ರ ಸೆಪ್ಟೆಂಬರ್ 30ರಂದು ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಕಥೋಲಿಕ ವೈದ್ಯಕೀಯ ಮಿಷನರಿಗಳ ಸಂಘ ಹುಟ್ಟಿತು. ಇಂದು ಮೆಡಿಕಲ್ ಮಿಷನ್ ಸಿಸ್ಟರ್ಸ್ ಎಂದು ನಾವು ಕರೆಯುವುದು ಇದನ್ನೇ. ಹೋಲಿ ಕ್ರಾಸ್ ಸಭೆಯ ಫಾದರ್ ಮೈಕೆಲ್ ಮಥಿಸ್ ಬೆಂಬಲಕ್ಕೆ ನಿಂತರು. ಆರಂಭದಲ್ಲಿ ಇದ್ದವರು ನಾಲ್ವರೇ: ಅನ್ನಾ ಮತ್ತು ಜೋಹನ್ನಾ ಲಯನ್ಸ್ ವೈದ್ಯೆಯರು, ಎವೆಲಿನ್ ಫ್ಲೀಗರ್ ಮತ್ತು ಮೇರಿ ಉಲ್ಬ್ರಿಕ್ ನರ್ಸುಗಳು. ನಾಲ್ವರಲ್ಲಿ ಇಬ್ಬರು ನರ್ಸುಗಳೆಂಬುದನ್ನು ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರು ಗಮನಿಸಬೇಕು. ಕಾನೂನು ಅಡ್ಡವಿದ್ದ ಕಾರಣ ಅವರು ಬಹಿರಂಗ ವ್ರತ ಸ್ವೀಕರಿಸುವಂತಿರಲಿಲ್ಲ. ಸಭೆಯನ್ನು ಬಿಟ್ಟು ಹೋಗಲಿಲ್ಲ, ರೋಗಿಗಳನ್ನೂ ಬಿಡಲಿಲ್ಲ. ಕಾನೂನು ಮುರಿಯದೆ, ಕೈಕಟ್ಟಿ ಕೂರದೆ, ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿಯುತ್ತಾ ಕಾದರು.

1936ರ ಫೆಬ್ರವರಿ 11

ಕೊನೆಗೆ ಲೂರ್ದು ಮಾತೆಯ ಹಬ್ಬದಂದೇ ಬಾಗಿಲು ತೆರೆಯಿತು. ಹನ್ನೊಂದನೇ ಪಯಸ್ ಜಗದ್ಗುರುಗಳ ಕಾಲದಲ್ಲಿ, ಮಿಷನ್ ನಾಡುಗಳ ಉಸ್ತುವಾರಿ ನೋಡುವ ರೋಮಿನ ಪ್ರೊಪಗಾಂದಾ ಕಚೇರಿ ಆದೇಶ ಹೊರಡಿಸಿತು. ಮಿಷನ್ ನಾಡುಗಳಲ್ಲಿ ತಾಯಂದಿರ ಮತ್ತು ಶಿಶುಗಳ ಆರೋಗ್ಯಕ್ಕಾಗಿ ಧರ್ಮಭಗಿನಿಯರು ಮುಂದೆ ಬರಬೇಕು, ಹೆರಿಗೆ ಶುಶ್ರೂಷೆಗೂ ಅಡ್ಡಿಯಿಲ್ಲ ಎಂದಿತು.

ಈ ಆದೇಶದಲ್ಲಿ ಒಂದು ಮಾತು ಗಮನಾರ್ಹ. "ಹೋಗಿ, ಮಾಡಿ" ಎಂದಷ್ಟೇ ಹೇಳಿ ರೋಮ್ ಸುಮ್ಮನಾಗಲಿಲ್ಲ. ಈ ಕೆಲಸಕ್ಕಿಳಿಯುವ ಭಗಿನಿಯರು ವೈದ್ಯರಾಗಿಯೋ ನರ್ಸುಗಳಾಗಿಯೋ ಸರಿಯಾದ ಶಿಕ್ಷಣ ಪಡೆದು ಪ್ರಮಾಣಪತ್ರ ಹೊಂದಿರಬೇಕು ಎಂದೂ ಹೇಳಿತು. ಬಾಗಿಲು ತೆರೆದ ಕೈಯೇ "ಕಲಿತು ಬನ್ನಿ" ಎಂದೂ ಸನ್ನೆ ಮಾಡಿತು. ಅನ್ನಾ ಮತ್ತು ಸಂಗಾತಿಯರು 1941ರಲ್ಲಿ ತಮ್ಮ ಬಹಿರಂಗ ವ್ರತ ಸ್ವೀಕರಿಸಿದರು. ಅವರ ಸಭೆ ಮುಂದೆ ಪಾಟ್ನಾ, ದೆಹಲಿ ಮೊದಲಾದ ಕಡೆ ಆಸ್ಪತ್ರೆಗಳನ್ನು ಕಟ್ಟಿತು. ಮದರ್ ಅನ್ನಾ 1980ರಲ್ಲಿ ರೋಮಿನಲ್ಲಿ ತೀರಿಕೊಂಡರು. ದಿನ ಯಾವುದು ಗೊತ್ತೇ? ಏಪ್ರಿಲ್ 17. ತನ್ನನ್ನು ಕರೆದ ಆ ವೃದ್ಧೆ ತೀರಿಕೊಂಡ ದಿನವೇ.

ಬೆಂಗಳೂರಿನಲ್ಲಿ ಕೊನೆಗೊಂಡ ಯಾತ್ರೆ

ಮೆಕ್ಲಾರೆನರ ಜೀವನ ಇನ್ನೊಬ್ಬರನ್ನೂ ಕರೆತಂದಿತು. ಆಸ್ಟ್ರೇಲಿಯಾದ ಡಾ. ಮೇರಿ ಗ್ಲೌರಿ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಓದಿದ ವೈದ್ಯೆ. 1915ರಲ್ಲಿ ಮೆಕ್ಲಾರೆನರ ಬಗೆಗಿನ ಒಂದು ಕಿರುಹೊತ್ತಗೆ ಅವರ ಕೈಗೆ ಬಂತು. ಓದಿ ಮೊಣಕಾಲೂರಿದರು. ಆದರೆ ಮರುದಿನವೇ ಹಡಗು ಹತ್ತಲಿಲ್ಲ. ಹೆರಿಗೆ, ಸ್ತ್ರೀರೋಗ ಮತ್ತು ಕಣ್ಣಿನ ಚಿಕಿತ್ಸೆಯಲ್ಲಿ ಉನ್ನತ ಪದವಿ ಪಡೆದು, 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದರು. ಯೇಸು ಮರಿಯ ಜೋಸೆಫರ ಸಭೆಗೆ ಸೇರಿ, ಹದಿನೈದನೇ ಬೆನೆಡಿಕ್ಟ್ ಜಗದ್ಗುರುಗಳ ವಿಶೇಷ ಅನುಮತಿಯಿಂದ ಭಗಿನಿಯಾಗಿದ್ದುಕೊಂಡೇ ವೈದ್ಯವೃತ್ತಿ ನಡೆಸಿದರು. ಅವರ ದೊಡ್ಡತನ ರೋಗಿಗಳನ್ನು ನೋಡಿದ್ದರಲ್ಲಷ್ಟೇ ಇಲ್ಲ. ಸ್ಥಳೀಯ ಹೆಣ್ಣುಮಕ್ಕಳಿಗೆ ಔಷಧಿ ಬೆರೆಸುವುದು, ಶುಶ್ರೂಷೆ, ಸೂಲಗಿತ್ತಿ ಕೆಲಸ ಕಲಿಸಿದ್ದರಲ್ಲಿದೆ. 1943ರಲ್ಲಿ ಇತರ ಭಗಿನಿಯರೊಂದಿಗೆ ಕಥೋಲಿಕ ಆಸ್ಪತ್ರೆಗಳ ಒಕ್ಕೂಟ ಕಟ್ಟಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂದು ಕನಸು ಕಂಡರು.

1957ರ ಮೇ 5ರಂದು ಅವರು ಕಣ್ಣು ಮುಚ್ಚಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಆರು ವರ್ಷದ ನಂತರ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. 2013ರಲ್ಲಿ ಧರ್ಮಸಭೆ ಸಿಸ್ಟರ್ ಮೇರಿಯವರನ್ನು ದೇವರ ಸೇವಕಿ ಎಂದು ಕರೆಯಿತು. ಇಂದು ನಮ್ಮ ಮಕ್ಕಳು ಇಲ್ಲಿ ನರ್ಸಿಂಗ್ ಕಲಿತು ಹೊರದೇಶಗಳಿಗೆ ಹೋಗುತ್ತಾರೆ. ಒಂದು ಕಾಲದಲ್ಲಿ ಹೊರದೇಶದವರು ನಮಗಾಗಿ ಕಲಿತು ಇಲ್ಲಿಗೆ ಬಂದರು. ಸಾಲ ತೀರಿಸುವ ಸರದಿ ಈಗ ನಮ್ಮದು.

ಮನಸ್ಸೂ ಕೈಯೂ

ಹಾಗಾದರೆ ಮನಸ್ಸಿದ್ದರೆ ಸಾಲದೇ? ಸಾಲದು. ಮನಸ್ಸಿಲ್ಲದೆಯೂ ಆಗದು. ಜಗದ್ಗುರು ಹದಿನಾರನೇ ಬೆನೆಡಿಕ್ಟರು 2005ರಲ್ಲಿ ಪ್ರೀತಿಯ ಕುರಿತು ಬರೆದ ತಮ್ಮ ಮೊದಲ ವಿಶ್ವಪತ್ರದಲ್ಲಿ ಇದನ್ನೇ ಹೇಳಿದ್ದಾರೆ: ಆರೈಕೆ ಮಾಡುವವರಿಗೆ ವೃತ್ತಿಯ ಪರಿಣತಿ ಮೊದಲ ಅಗತ್ಯ, ಆದರೆ ಅಷ್ಟೇ ಸಾಲದು, ಹೃದಯಕ್ಕೂ ಶಿಕ್ಷಣ ಬೇಕು. ಶುಭಸಂದೇಶದ ಆ ಸಮಾರಿಯದವನನ್ನು ನೆನೆಯಿರಿ. ಅವನು ಮರುಕದಿಂದ ಅತ್ತು ಹೋಗಲಿಲ್ಲ. ಅವನ ಬಳಿ ಎಣ್ಣೆಯಿತ್ತು, ದ್ರಾಕ್ಷಾರಸವಿತ್ತು, ಗಾಯ ಕಟ್ಟಲು ಬರುತ್ತಿತ್ತು. ಮುಂದಿನ ಆರೈಕೆಗೆ ಛತ್ರದವನನ್ನು ಗೊತ್ತುಮಾಡಿ ದುಡ್ಡನ್ನೂ ಕೊಟ್ಟ. ತಾನು ಹೊರಟ ಮೇಲೂ ಗಾಯಾಳು ಅನಾಥನಾಗದಂತೆ ನೋಡಿಕೊಂಡ. ಕೆಲವೇ ವಾರಕ್ಕೆ ಹೋಗಿ ಬರುವ ಸ್ವಯಂಸೇವಕರು ಈ ಕೊನೆಯ ಮಾತನ್ನು ಮರೆಯಬಾರದು. ನಾವು ವಿಮಾನ ಹತ್ತಿದ ಮೇಲೂ ಆ ರೋಗಿಯನ್ನು ನೋಡಿಕೊಳ್ಳುವವರು ಅಲ್ಲಿನ ನರ್ಸುಗಳೇ. ಅವರಿಂದ ಕಲಿಯಲು ಹೋಗುವವರು ಅಲ್ಲಿ ಸ್ವಲ್ಪವಾದರೂ ಕಲಿಸಿ ಬರುತ್ತಾರೆ.

ಇನ್ನೂ ನೋಂದಣಿಯಾಗದ ವಿದ್ಯಾರ್ಥಿನಿ ಇಲ್ಲಿ ಮೇಲ್ವಿಚಾರಣೆಯಿಲ್ಲದೆ ಮಾಡಬಾರದ್ದನ್ನು ಅಲ್ಲಿಯೂ ಮಾಡಬಾರದು. ಬಡವರ ದೇಹ ನಮ್ಮ ಅಭ್ಯಾಸಕ್ಕೆ ಸಿಕ್ಕ ಹಲಗೆಯಲ್ಲ. ಇದು ಅವಮಾನವಲ್ಲ, ಆ ಜನರಿಗೆ ನಾವು ಸಲ್ಲಿಸುವ ಗೌರವ. ಆದರೆ ಗುರುಗಳೂ ಹಿರಿಯರೂ ಇನ್ನೊಂದು ಮಾತನ್ನು ಮರೆಯಬಾರದು. "ಇನ್ನೂ ಕಲಿ" ಎಂದು ಕಾಯಿಸುವುದು ಬೇರೆ, "ನಿನ್ನಿಂದಾಗದು" ಎಂದು ಬಾಗಿಲು ಮುಚ್ಚುವುದು ಬೇರೆ. ಮೊದಲನೆಯದು ಅನ್ನಾ ಡೆಂಗೆಲರನ್ನು ರೂಪಿಸಿತು. ಎರಡನೆಯದರ ಬೆಲೆಯನ್ನು ಹೆಸರಿಲ್ಲದ ತಾಯಂದಿರು ತೆತ್ತರು.

ಆ ಹುಡುಗಿಯನ್ನು ಮತ್ತೆ ಕರೆಸಿ ಈ ಕಥೆಯನ್ನೆಲ್ಲಾ ಹೇಳಿದೆವು. ಸುಮ್ಮನೆ ಕೇಳಿದಳು. ಕೊನೆಗೆ, "ಏಳು ವರ್ಷಾನಾ ಫಾದರ್!" ಎಂದು ನಕ್ಕಳು. ಹಳದಿ ಜ್ವರದ ಲಸಿಕೆಯ ಪತ್ರ ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ, ಅದೂ ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ ಎಂದು ಅವಳೇ ವಿಚಾರಿಸಿಕೊಂಡು ಬಂದಿದ್ದಳು. ಹೊರಡುವ ಹಿಂದಿನ ಭಾನುವಾರ ಪೂಜೆಗೆ ಬಂದಾಗ ಲಸಿಕೆಯ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಿದ್ದಳು. ಮಲೇರಿಯಾ ಮಾತ್ರೆ ಕೊಂಡಿದ್ದಳು. ಅಲ್ಲಿನ ಭಾಷೆಯ ಹತ್ತಿಪ್ಪತ್ತು ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಳು: ನೋವು ಎಲ್ಲಿದೆ, ನೀರು ಕುಡಿಯಿರಿ, ಹೆದರಬೇಡಿ.

ಮಾತೆ ಮರಿಯಮ್ಮನವರು ಗರ್ಭಿಣಿ ಎಲಿಜಬೇತಮ್ಮನ ಸೇವೆಗೆ ಬೆಟ್ಟದ ನಾಡಿಗೆ ಹೋದರು. ಸುಮಾರು ಮೂರು ತಿಂಗಳು ಇದ್ದು ಮನೆಗೆ ಮರಳಿದರು. ಅಲ್ಲಿ ಅವರು ಮಾಡಿದ ಕೆಲಸಗಳನ್ನು ಸಂತ ಲೂಕರು ಪಟ್ಟಿ ಮಾಡಿಲ್ಲ. ನೀರು ಸೇದಿರಬಹುದು, ಅಡುಗೆ ಮಾಡಿರಬಹುದು, ಕಾಲು ಒತ್ತಿರಬಹುದು. ದೊಡ್ಡ ಕೆಲಸ ಸಿಗಲಿಲ್ಲವೆಂದು ಅವರು ಬೇಸರಪಡಲಿಲ್ಲ. ಈ ಹಬ್ಬದಂದು ನಮ್ಮ ನಮ್ಮ ಧರ್ಮಕೇಂದ್ರಗಳ ನರ್ಸುಗಳನ್ನು, ನರ್ಸಿಂಗ್ ಓದುತ್ತಿರುವ ಮಕ್ಕಳನ್ನು ಪೀಠದ ಬಳಿಗೆ ಕರೆಯೋಣ. ರೋಗಿಗಳಿಗಾಗಿ ಪ್ರಾರ್ಥಿಸುವಾಗ, ಆ ರೋಗಿಗಳನ್ನು ಮುಟ್ಟಲಿರುವ ಕೈಗಳಿಗಾಗಿಯೂ ಪ್ರಾರ್ಥಿಸೋಣ. ಕಲಿಯುತ್ತಿರುವ ಆ ಕೈಗಳನ್ನು ಲೂರ್ದು ಮಾತೆ ಹರಸಲಿ.